ಪೋರ್ಟ್‌ಲ್ಯಾಂಡಿನಲ್ಲಿ ಬಿಯರ್, ಸುಂಟಿಕೊಪ್ಪದಲ್ಲಿ ಕಾಫಿ

ಸುಗ್ಗಿ ಹಬ್ಬ ಪುತ್ತರಿಗೆಂದು ಕೊಡಗಿನ ನಮ್ಮೂರು ಸುಂಟಿಕೊಪ್ಪಕ್ಕೆ ಬಂದು ಎರಡು ವಾರವಾಯಿತು. ಪೇಟೆಯಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ: "ಅಮೆರಿಕದಲ್ಲಿ ಬಿಯರ್ ಫ್ಯಾಕ್ಟರಿ ಇಟ್ಟಿದ್ದೀಯಂತೆ, ಹೌದಾ?"

ಹೌದು. ಆದರೆ ಫ್ಯಾಕ್ಟರಿ ಅನ್ನುವಷ್ಟು ದೊಡ್ಡದಲ್ಲ. ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ, ಹಿಂದೆ ಗ್ಯಾರೇಜ್ ಆಗಿದ್ದ ಶೆಡ್ಡಿನಲ್ಲಿ ನಾನೂ ಒಬ್ಬ ಗೆಳೆಯನೂ ನಡೆಸುವ ಸಣ್ಣ ಬ್ರೂವರಿ. ಒಂದು ಸಲಕ್ಕೆ 7 ಬ್ಯಾರೆಲ್ ಮಾಡುತ್ತೇವೆ, ಅಂದರೆ ಸುಮಾರು 820 ಲೀಟರ್. ಬೇರೆ ಯಾವ ಕಂಪನಿಯ ಪಾಲೂ ಇಲ್ಲ. ಸಾಲ ನಮ್ಮದೇ, ರುಚಿಯೂ ನಮ್ಮದೇ.

ನಮ್ಮಲ್ಲಿ ಅವ್ವಂದಿರು ಮನೆಯಲ್ಲೇ ವೈನ್ ಹಾಕುವ ಹಾಗೆ, ಅಲ್ಲಿ ತುಂಬಾ ಜನ ಮನೆಯಲ್ಲೇ ಬಿಯರ್ ಮಾಡುತ್ತಾರೆ. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಅದಕ್ಕೆ ದಾರಿ ಬಿಟ್ಟಿತು. ಮಾಡಿದ ಜಾಗದಲ್ಲೇ ಬಿಯರ್ ಮಾರಬಹುದು ಅಂತ 1985ರಲ್ಲಿ ಒರೆಗಾನ್ ಒಪ್ಪಿತು. ನಮ್ಮಂಥವರು ಬದುಕಿರುವುದೇ ಇದರಿಂದ. ಹೊರಗಿನ ಬಾರಿಗೆ ಕೆಗ್, ಅಂದರೆ ಬಿಯರ್ ಪೀಪಾಯಿ, ಕೊಟ್ಟರೆ ಉಳಿಯುವುದು ಕಡಿಮೆ. ನಮ್ಮ ಕೌಂಟರಿನಲ್ಲೇ ಗ್ಲಾಸ್ ತುಂಬಿಸಿ ಕೊಟ್ಟರೆ ತಿಂಗಳ ಬಾಡಿಗೆ ಹುಟ್ಟುತ್ತದೆ. ಬಾಡಿಗೆಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ, ಜಾಗ ಇದ್ದರೆ ಮಾತ್ರ ಲೈಸೆನ್ಸಿಗೆ ಅರ್ಜಿ. ಅದು ಕೈಗೆ ಬರುವ ತನಕ ಖಾಲಿ ಶೆಡ್ಡಿಗೆ ತಿಂಗಳು ತಿಂಗಳು ಹಣ ಕಟ್ಟಿದ್ದೇವೆ. ಆ ದಿನಗಳಲ್ಲಿ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಕೆಲಸ ಏನಂದರೆ, ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್. ರಾಗಿ ಮಾಲ್ಟ್ ಗೊತ್ತಲ್ವಾ, ಅದೇ ಲೆಕ್ಕ. ಅದನ್ನು ಒಡೆದು 66 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿದರೆ ಹಿಟ್ಟೆಲ್ಲ ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಸೋಸಿ, ಕಹಿಯೂ ಘಮವೂ ಕೊಡುವ ಹಾಪ್ಸ್ ಹೂ ಹಾಕಿ ಕುದಿಸಿ, ತಣಿಸಿ, ಯೀಸ್ಟ್ ಸೇರಿಸಬೇಕು. ಆಮೇಲೆ ಯೀಸ್ಟ್ ಆ ಸಕ್ಕರೆಯನ್ನು ಮದ್ಯವಾಗಿಸುವ ತನಕ 18-20 ಡಿಗ್ರಿಯಲ್ಲಿ ಕಾಯುವುದು. ಸೋಸಿ ಉಳಿದ ಚರಟವನ್ನು ಹಂದಿ ಸಾಕುವ ರೈತರೊಬ್ಬರು ಬಂದು ತುಂಬಿಸಿಕೊಂಡು ಹೋಗುತ್ತಾರೆ. ಅವರ ಪಿಕಪ್ ಬಂದಾಗೆಲ್ಲ ನನಗೆ ನಮ್ಮೂರಿನದೇ ನೆನಪು.

ಕುದಿಸುವುದು ಒಂದು ದಿನದ ಕೆಲಸ. ಉಳಿದ ದಿನವೆಲ್ಲ ತೊಳೆಯುವುದೇ. ಟ್ಯಾಂಕ್, ಪೈಪ್, ಕೆಗ್, ನೆಲ. ಇದನ್ನು ನಾನು ಕಲಿತದ್ದು ದುಬಾರಿ ಪಾಠವಾಗಿ. ಎರಡನೇ ವರ್ಷ ಒಂದು ಟ್ಯಾಂಕಿನ ಬಿಯರ್ ಹುಳಿ ಹಿಡಿಯಿತು. ಕೆಳಗಿನ ವಾಲ್ವ್ ಬಿಚ್ಚಿ ನೋಡಿದೆ. ರಬ್ಬರ್ ವಾಷರಿನ ಹಿಂದೆ ಉಗುರಿನಷ್ಟು ಅಗಲ ಕಂದು ಲೋಳೆ. ಮುಟ್ಟಿದರೆ ಜಾರುತ್ತಿತ್ತು. ಅಷ್ಟಕ್ಕೇ 820 ಲೀಟರ್ ಮೋರಿಗೆ ಹೋಯಿತು. ಪೂರ್ತಿ ಖಾಲಿಯಾಗುವ ತನಕ ಪಕ್ಕದಲ್ಲೇ ನಿಂತಿದ್ದೆ.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಬಿಯರ್ ಬಗ್ಗೆ ಏನೂ ಕೇಳಲಿಲ್ಲ. "ತೊಟ್ಟಿಯ ಮೂಲೆ ಉಜ್ಜಿದ್ಯಾ?" ಅಂದರು, ಅಷ್ಟೇ.

ಆ ಮಾತಿನ ಅರ್ಥ ನಮ್ಮ ಹಾಗೆ ಕಾಫಿ ಬೆಳೆಯುವ ಮನೆಗಳವರಿಗೆ ಬೇಗ ಹೊಳೆಯುತ್ತದೆ. ಅರೇಬಿಕಾ ಹಣ್ಣನ್ನು ಪಲ್ಪರಿಗೆ ಕೊಟ್ಟು ಸಿಪ್ಪೆ ಬಿಡಿಸಿದ ಮೇಲೆ, ಬೀಜದ ಲೋಳೆ ಬಿಡಲು ತೊಟ್ಟಿಯಲ್ಲಿ ಹುಳಿ ಬರಿಸುತ್ತೇವೆ. ಹಿಂದಿನ ದಿನದ ನಾಲ್ಕು ಬೀಜ ಮೂಲೆಯಲ್ಲಿ ಸಿಕ್ಕಿಕೊಂಡು ಕೊಳೆತರೆ ಅದೇ 'ಸ್ಟಿಂಕರ್'. ಒಂದೇ ಒಂದು ಸೇರಿದರೂ ಲೋಟದ ಕಾಫಿ ಕೆಟ್ಟ ವಾಸನೆ ಹೊಡೆಯುತ್ತದೆ. ಅಪ್ಪ ಈಗಲೂ ತೆಂಗಿನ ನಾರು ಹಿಡಿದು ತಾವೇ ತೊಟ್ಟಿಗೆ ಇಳಿಯುತ್ತಾರೆ.

ನಿನ್ನೆ ಬೆಳಿಗ್ಗೆ ಅವರ ಜೊತೆ ನಿಂತಿದ್ದೆ. ಒಂದು ಹಿಡಿ ಬೀಜ ಎತ್ತಿ, ನೀರಲ್ಲಿ ಅದ್ದಿ, ಎರಡು ಅಂಗೈ ನಡುವೆ ಉಜ್ಜಿದರು. ಮೊದಲು ಸದ್ದಿಲ್ಲ, ಸೋಪಿನ ಹಾಗೆ ಜಾರಿತು. ಮಧ್ಯಾಹ್ನ ಮತ್ತೆ ಉಜ್ಜಿದಾಗ ಗರಗರ ಅಂತ ಜಲ್ಲಿಕಲ್ಲಿನ ಸದ್ದು ಬಂತು. "ಆಯ್ತು, ತೊಳೀರಿ" ಅಂದರು. ನಾನು ಅಲ್ಲಿ ಬಿಯರಿನಲ್ಲಿ ಸಕ್ಕರೆ ಎಷ್ಟು ಉಳಿದಿದೆ ಅಂತ ತೋರಿಸುವ ಹೈಡ್ರೋಮೀಟರ್ ಇಳಿಸಿ, ಎರಡು ಮೂರು ದಿನ ಒಂದೇ ಅಂಕಿ ಬಂದರೆ ಹುಳಿತ ಮುಗಿಯಿತು ಅಂತ ಬರೆದಿಡುತ್ತೇನೆ. ನಾವಿಬ್ಬರೂ ಮಾಡುವುದು ಒಂದೇ ಕೆಲಸ ಅಂತ ನನಗೆ ಅನಿಸಿದ್ದು ನಿನ್ನೆಯೇ.

"ಹಾಗಾದರೆ ಇಲ್ಲೇ ಯಾಕೆ ಮಾಡಬಾರದು?" ಅಂತ ಪಕ್ಕದ ತೋಟದ ಮಾಮ ಕೇಳಿದರು. ನೀರಂತೂ ಎರಡೂ ಕಡೆ ಒಂದೇ ಥರ. ಪೋರ್ಟ್‌ಲ್ಯಾಂಡಿನ ಬುಲ್ ರನ್ ಕಾಡಿನಿಂದ ಬರುವುದು ಮಳೆನೀರೇ, ತುಂಬಾ ಮೆದು. ಆದರೆ ಹಾಪ್ಸ್ ನಮ್ಮಲ್ಲಿ ಸರಿಯಾಗಿ ಆಗುವುದಿಲ್ಲ. ಅದಕ್ಕೆ ಬೇಸಿಗೆಯಲ್ಲಿ ಉದ್ದನೆಯ ಹಗಲು ಬೇಕು. ಭಾರತದಲ್ಲಿ ಬೆಳೆಯುವುದು ಹಿಮಾಚಲದ ಲಾಹೌಲ್ ಕಡೆ.

ಒರೆಗಾನಿನ ವಿಲಾಮೆಟ್ ಕಣಿವೆಯಲ್ಲಿ ಅದರ ತೋಟ ನೋಡಿದರೆ ನಮ್ಮವರಿಗೆ ಹೊಸದು ಅನಿಸುವುದಿಲ್ಲ. ಸಿಲ್ವರ್ ಓಕಿಗೆ ಮೆಣಸಿನ ಬಳ್ಳಿ ಹಬ್ಬಿದ ಹಾಗೆ, ಹಾಪ್ಸ್ ಬಳ್ಳಿ 18 ಅಡಿ ಹಗ್ಗ ಹಿಡಿದು ಮೇಲೆ ಹೋಗುತ್ತದೆ. ಒರೆಗಾನಿನಲ್ಲೇ ಹುಟ್ಟಿದ ಕ್ಯಾಸ್ಕೇಡ್ ತಳಿ 1972ರಲ್ಲಿ ಬಂತು. ಅದರ ಹೂವನ್ನು ಬೆರಳಲ್ಲಿ ಹಿಸುಕಿದರೆ ಚಕ್ಕೋತದ ಸಿಪ್ಪೆಯ ಘಮ. ನಮ್ಮ ಮಳೆಗಾಲದ ಬಿಯರಿಗೆ ಅದನ್ನೇ ಹಾಕುತ್ತೇನೆ, ಜೊತೆಗೆ ಒಡೆದ ಕರಿಮೆಣಸು, ಟ್ಯಾಂಕಿಗೆ 800 ಗ್ರಾಂ. ಜಾಸ್ತಿ ಹಾಕಿದರೆ ಗಂಟಲು ಉರಿಯುತ್ತದೆ. ಕುಡಿದ ಮೇಲೆ ನಾಲಿಗೆಯ ಹಿಂದೆ ಸುಮ್ನೆ ಬೆಚ್ಚಗಾದರೆ ಸಾಕು.

ಹಾಪ್ಸ್ ಕೊಯ್ಲು ಆಗಸ್ಟ್ ಕೊನೆಗೆ ಶುರು. ಆಗ ಇಲ್ಲಿ ಮಳೆ, ತೋಟದಲ್ಲಿ ಅಷ್ಟು ಕೆಲಸವಿರುವುದಿಲ್ಲ. ಈ ಸಲ ಬನ್ನಿ ಅಂತ ಅಪ್ಪನನ್ನು ಕರೆದೆ. ಕೈ ಒರೆಸಿಕೊಂಡು ಸ್ವಲ್ಪ ಹೊತ್ತು ಯೋಚಿಸಿದರು.

"ಬರ್ತೀನಿ. ಮೊದಲು ಆ ವಾಲ್ವ್ ಬಿಚ್ಚಿ ತೋರಿಸು."