ಕಾಲು ಮನೆ ಶ್ರುತಿ

ಹಳೆಯ ಆಲ್ಬಮ್ ಒಂದನ್ನು ಮರುಬಿಡುಗಡೆ ಮಾಡುವಾಗ ನಮ್ಮ ಕಂಪನಿಯಲ್ಲಿ ಹೊದಿಕೆಯ ಚಿತ್ರಕ್ಕೆ ಸಭೆ ನಡೆಯುತ್ತದೆ, ಪೋಸ್ಟರಿನ ಅಕ್ಷರಕ್ಕೆ ಸಭೆ ನಡೆಯುತ್ತದೆ. ಟೇಪ್ ಯಾವ ವೇಗದಲ್ಲಿ ಓಡಬೇಕು ಎಂಬುದಕ್ಕೆ ಯಾರೂ ಸಭೆ ಕರೆಯುವುದಿಲ್ಲ. ಮಲ್ಲೇಶ್ವರದ ಸಭಾಂಗಣದಲ್ಲಿ, ಪ್ರೇಕ್ಷಕರು ಬಾಗಿಲ ಹೊರಗೆ ಸಾಲುಗಟ್ಟಿ ನಿಂತಿದ್ದಾಗ ನಾವು ಪಟ್ಟ ಪಾಡಿಗೆ ಕಾರಣ ಇದೇ.

ಆಲ್ಬಮ್ ಕ್ಯಾಸೆಟ್ ಕಾಲದ್ದು. ಅದುವರೆಗೆ ವಾದ್ಯವೃಂದದ ನಡುವೆ ಹಾಡುತ್ತಿದ್ದ ಗಾಯಕರು ಮೊದಲ ಬಾರಿಗೆ ತಮ್ಮೊಬ್ಬರ ಹೆಸರಿನಲ್ಲಿ ತಂದ ಭಾವಗೀತೆಗಳು. ಅಗಲಿಕೆ, ಸಾವು, ಬಿಟ್ಟುಬಂದ ಊರು. ಇವನ್ನು ಬಿಟ್ಟು ಬೇರೆ ವಸ್ತುವಿಲ್ಲ. ಮೊದಲ ಹಾಡಿಗೆ ಮುನ್ನ ಪಿಟೀಲಿನ ಒಂದು ಚಿಕ್ಕ ಆಲಾಪನೆ ಇದೆ, ಬೇರೆ ಯಾವ ವಾದ್ಯವೂ ಇಲ್ಲದೆ. ಅದನ್ನು ನುಡಿಸಿದವರು ಈಗ ಇಲ್ಲ. ಆದ್ದರಿಂದ ಮರುಬಿಡುಗಡೆಯ ಅಂಗವಾಗಿ ಕೈಗೊಂಡ ಪ್ರವಾಸದ ಪ್ರತಿ ಕಛೇರಿಯಲ್ಲೂ ಆ ಭಾಗವನ್ನು ಮೂಲ ಧ್ವನಿಮುದ್ರಣದಿಂದಲೇ ಕೇಳಿಸಿ, ಅದು ಮುಗಿದ ಕ್ಷಣಕ್ಕೆ ವೇದಿಕೆಯ ಕಲಾವಿದರು ಎತ್ತಿಕೊಳ್ಳಬೇಕೆಂದು ಗಾಯಕರು ಬಯಸಿದರು. ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಯೋಚನೆ ಅದು.

ಮಾಸ್ಟರ್ ಟೇಪ್, ಅಂದರೆ ಸ್ಟುಡಿಯೋದ ಮೂಲ ಟೇಪ್, ಸಿಗುವುದು ತಡವಾಯಿತು. ಅಲ್ಲಿಯವರೆಗೆ ಎಲ್ಲರ ಕೈಯಲ್ಲಿದ್ದುದು ಕ್ಯಾಸೆಟ್‌ನಿಂದ ಇಳಿಸಿಕೊಂಡ ಪ್ರತಿ. ತಾಲೀಮು ನಡೆದದ್ದೂ ಅದರ ಮೇಲೆಯೇ. ಟೇಪ್ ಬಂದಾಗ ಅಂಟಂಟಾಗಿತ್ತು. 54 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಗಂಟೆಗಟ್ಟಲೆ ಕಾಯಿಸಿ, ಆರಿಸಿ, ಟೇಪ್ ಓದುವ ಹೆಡ್‌ನ ಕೋನ ಹೊಂದಿಸಿ, ಸೆಕೆಂಡಿಗೆ 15 ಇಂಚಿನ ವೇಗದಲ್ಲಿ ಓಡಿಸಿದೆ. ಆಗ ಗೊತ್ತಾಯಿತು: ಕ್ಯಾಸೆಟ್ ಸುಮಾರು 50 ಸೆಂಟ್ ಮೇಲಿದೆ. ಅಂದರೆ ಕಾಲು ಮನೆ, ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಕೀಲಿಗಳ ನಡುವಿನ ಅಂತರದ ಅರ್ಧ. ಶೇಕಡಾ 2.9ರಷ್ಟು ವೇಗ ಹೆಚ್ಚಿದರೆ ಶ್ರುತಿ ಅಷ್ಟು ಏರುತ್ತದೆ. ನಾಲ್ಕು ನಿಮಿಷದ ಹಾಡಿನಲ್ಲಿ ಸುಮಾರು ಏಳು ಸೆಕೆಂಡು ಮಾಯವಾಗುತ್ತದೆ. ಪ್ರತಿ ತೆಗೆಯುವಾಗ ಟೇಪ್ ಎಲ್ಲೋ ಹೆಚ್ಚು ವೇಗದಲ್ಲಿ ಓಡಿಬಿಟ್ಟಿತ್ತು.

ಟೇಪಿನೊಳಗಿನ ವಿದ್ಯುತ್ ಗುಂಯ್‌ಕಾರ ನಮ್ಮ ವಿದ್ಯುತ್ತಿನ ಆವರ್ತನವಾದ 50 ಹರ್ಟ್ಸ್ ಬಳಿ ನಿಂತಿತ್ತು. ಅದೊಂದನ್ನೇ ನಂಬುವಂತಿರಲಿಲ್ಲ, ಆ ಕಾಲದಲ್ಲಿ ನಮ್ಮ ವಿದ್ಯುತ್ ಜಾಲದ ಆವರ್ತನವೇ ಏರಿಳಿಯುತ್ತಿತ್ತು. ಆದರೆ ಅಳತೆಗೆಂದು ಟೇಪಿನ ಆರಂಭದಲ್ಲಿ ಹಾಕಿದ್ದ ಟೋನ್ ಸರಿಯಾಗಿ 1000 ಹರ್ಟ್ಸ್ ತೋರಿಸಿತು, ಹಾಡುಗಳ ಕೀಬೋರ್ಡ್ 440 ಹರ್ಟ್ಸ್‌ನ ಪ್ರಮಾಣ ಶ್ರುತಿಗೆ ಕೂತಿತು. ಇನ್ನು ಸಂಶಯ ಉಳಿಯಲಿಲ್ಲ. ಸರಿಯಾದ ವೇಗದಲ್ಲಿ ಗಾಯಕರ ದನಿ ತುಸು ಭಾರವಾಗಿದೆ, ಪಲ್ಲವಿಯಿಂದ ಚರಣಕ್ಕೆ ಹೋಗುವ ಮೊದಲಿನ ಮೌನ ತುಸು ಉದ್ದವಾಗಿದೆ. ಇಷ್ಟು ವರ್ಷ ಜನ ಕೇಳಿ ಕಣ್ಣೀರು ಹಾಕಿದ ಹಾಡುಗಳು ನಿಜಕ್ಕೂ ಇನ್ನಷ್ಟು ಆಳದ ದುಃಖದಲ್ಲಿ ಹುಟ್ಟಿದ್ದವು. ಆ ರಾತ್ರಿ ನಾನು ಸ್ಟುಡಿಯೋದಿಂದ ಬೇಗ ಏಳಲಿಲ್ಲ.

ಕಛೇರಿಯ ದಿನ ಮಧ್ಯಾಹ್ನ ಆಲಾಪನೆಯ ಹಳೆಯ ಫೈಲ್ ತೆಗೆದು ಹೊಸದನ್ನು ಹಾಕಿಸಿದೆ. ಹೇಳಿದ್ದು ಧ್ವನಿ ನಿಯಂತ್ರಣದ ಹುಡುಗನಿಗೆ ಮಾತ್ರ. ಸರಿಯಾದದ್ದು ಬಂದರೆ ಎಲ್ಲರಿಗೂ ಸಂತೋಷವೇ ಆಗುತ್ತದೆ ಎಂದು ನಂಬಿದ್ದೆ. ಕೀಬೋರ್ಡಿನವರು ಕ್ಯಾಸೆಟ್‌ಗೆ ಹೊಂದಲೆಂದು ತಮ್ಮ ವಾದ್ಯವನ್ನು 50 ಸೆಂಟ್ ಏರಿಸಿಟ್ಟುಕೊಂಡಿದ್ದಾರೆ, ಗಿಟಾರ್ ಮತ್ತು ತಬಲಾ ಅದಕ್ಕೇ ಕೂತಿವೆ ಎಂಬುದನ್ನು ನಾನು ವಿಚಾರಿಸಿರಲಿಲ್ಲ.

ಸೌಂಡ್ ಚೆಕ್‌ನಲ್ಲಿ ಪಿಟೀಲು ಮುಗಿಯಿತು, ಕೀಬೋರ್ಡ್ ಹಿಡಿಯಿತು. ಹಲ್ಲು ಜುಮ್ಮೆನ್ನುವ ಅಪಶ್ರುತಿ. ವೇದಿಕೆಯ ಮಾನಿಟರ್ ಸ್ಪೀಕರ್ ಕೆಟ್ಟಿದೆ ಎಂದರು ಒಬ್ಬರು. ಕೇಬಲ್ ಬದಲಾಯಿಸಿದರು. ಮತ್ತೆ ಕೇಳಿಸಿದೆವು, ಮತ್ತೆ ಅದೇ. ಬಾಗಿಲು ತೆರೆಯುವ ಹೊತ್ತು ದಾಟಿತ್ತು. ವ್ಯವಸ್ಥಾಪಕರು ಪರದೆಯ ಪಕ್ಕದಲ್ಲಿ ಗಡಿಯಾರ ತೋರಿಸುತ್ತ, ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಬೇಕೆಂದು ನೆನಪಿಸುತ್ತಿದ್ದರು. ಗಾಯಕರು ಮೈಕಿನ ಮುಂದೆ ಕಣ್ಣು ಮುಚ್ಚಿ ನಿಂತಿದ್ದರು. ಮೂರನೆಯ ಬಾರಿ ಕೇಳಿದ ಮೇಲೆ, ಯಾರ ಕಡೆಗೂ ನೋಡದೆ, “ಇದನ್ನು ಯಾರು ಮುಟ್ಟಿದರು?” ಎಂದರು. ಆ ಪ್ರಶ್ನೆ ಈಗಲೂ ನನ್ನನ್ನು ಚುಚ್ಚುತ್ತದೆ.

“ನಾನು, ಸರ್. ಮಾಸ್ಟರ್ ಟೇಪಿನದು. ಕಾಲು ಮನೆ ಇಳಿದಿದೆ” ಎಂದೆ.

ನನ್ನ ಮಾತಿಗೆ ಉತ್ತರ ಕೊಟ್ಟವರು ಕೊಳಲಿನವರು. ತಾಲೀಮಿನ ಉದ್ದಕ್ಕೂ ತುಟಿ ಹೊರಳಿಸಿ ಹೊರಳಿಸಿ ಆ ಶ್ರುತಿಗೆ ಏರಿಸುತ್ತಿದ್ದವರು ಅವರು. ಅವರ ಚೀಲದಲ್ಲಿ ಅರ್ಧ ಮನೆಗೊಂದರಂತೆ ಕೊಳಲುಗಳಿವೆ, ಕಾಲು ಮನೆಯದಿಲ್ಲ. “ಹಾಗಾದರೆ ಇದು ನನ್ನ ಕೊಳಲಿಗೆ ಸರಿಹೋಗುತ್ತದೆ ಸರ್, ಎಲ್ಲರೂ ಇಳಿಯೋಣ” ಎಂದರು. ಕೀಬೋರ್ಡ್ ಒಂದು ಗುಂಡಿಯಲ್ಲಿ ಇಳಿಯಿತು. ಗಿಟಾರ್ ಇಳಿಯಿತು. ತಬಲಾದವರು ಸುತ್ತಿಗೆ ಹಿಡಿದು ಕೂತಾಗ ಸಭಾಂಗಣದಲ್ಲಿ ಬೇರೆ ಸದ್ದಿರಲಿಲ್ಲ. ತಡವಾಗಿ ಶುರುವಾಯಿತು, ಕೊನೆಯ ಒಂದು ಹಾಡನ್ನು ಕೈಬಿಡಬೇಕಾಯಿತು. ಗಾಯಕರು ಮಾತ್ರ ಆ ಸಂಜೆ ನಿರಾಳವಾಗಿ ಹಾಡಿದರು. ವಯಸ್ಸಾದ ಕಂಠಕ್ಕೆ ಕಾಲು ಮನೆ ಸಣ್ಣ ಸಹಾಯವಲ್ಲ.

ಅಂದಿನಿಂದ ಪ್ರತಿ ಫೈಲಿನ ಹೆಸರಿನಲ್ಲಿ ಶ್ರುತಿ, ಮೂಲ, ದಿನಾಂಕ ಬರೆಯುತ್ತೇವೆ. ‘ಫೈನಲ್’, ‘ಹೊಸ ಫೈನಲ್’ ಎಂಬ ಹೆಸರುಗಳು ಹಂಚಿಕೆಯ ಫೋಲ್ಡರಿನಿಂದ ಹೋಗಬೇಕೆಂದು ಎಷ್ಟು ಹೇಳಿದರೂ ಪ್ರಚಾರ ವಿಭಾಗ ಕೇಳುತ್ತಿಲ್ಲ. ಫೈಲ್ ಬದಲಾದರೆ ಮೊದಲ ಕರೆ ಹೋಗಬೇಕಾದದ್ದು ವಾದ್ಯ ನುಡಿಸುವವರಿಗೆ, ನಂತರ ಉಳಿದವರಿಗೆ.

ಆಡಳಿತದವರೊಂದಿಗಿನ ಜಗಳ ಮುಗಿದಿಲ್ಲ. ಮರುಬಿಡುಗಡೆ ಎಲ್ಪಿ ತಟ್ಟೆಯ ರೂಪದಲ್ಲಿ, ಅದರ ಒಂದು ಬದಿಯಲ್ಲಿ ಚೆನ್ನಾಗಿ ಕೂರುವುದು ಇಪ್ಪತ್ತು ನಿಮಿಷದಷ್ಟು. ಕ್ಯಾಸೆಟ್‌ನ ಬದಿ ಅದಕ್ಕಿಂತ ದೊಡ್ಡದು, ಸರಿಯಾದ ವೇಗದಲ್ಲಿ ಇನ್ನೂ ದೊಡ್ಡದು. ಹಾಡುಗಳ ನಡುವಿನ ಮೌನ ಕತ್ತರಿಸಿ ಒಂದೇ ತಟ್ಟೆಗೆ ಹಿಡಿಸಿ ಎನ್ನುತ್ತಾರೆ. ಎರಡು ತಟ್ಟೆ ಮಾಡಿ ಎನ್ನುತ್ತೇನೆ ನಾನು. ಜನರಿಗೆ ಪರಿಚಯವಿರುವುದು ಕ್ಯಾಸೆಟ್‌ನ ಶ್ರುತಿಯೇ, ಅದೇ ಇರಲಿ ಎಂಬ ವಾದವೂ ಇದೆ. ಅಮೆರಿಕದ ಜಾಝ್ ಕಲಾವಿದ ಮೈಲ್ಸ್ ಡೇವಿಸ್ ಅವರ ಆಲ್ಬಮ್ ‘ಕೈಂಡ್ ಆಫ್ ಬ್ಲೂ’ 1959ರಲ್ಲಿ ಬಂದಾಗ ಮೊದಲ ಬದಿಯ ಶ್ರುತಿ ಹೀಗೆಯೇ ಏರಿತ್ತು, ಧ್ವನಿ ಮುದ್ರಿಸಿಕೊಂಡ ಯಂತ್ರ ನಿಧಾನವಾಗಿ ಓಡಿದ್ದು, ಸರಿಯಾದ ವೇಗದಲ್ಲಿ ಕೇಳಿಸಿದಾಗ ಹಾಡು ಬೇಗ ಓಡಿದ್ದರಿಂದ. 1992ರಲ್ಲಿ ತಿದ್ದಿದರು, ಆಲ್ಬಮ್‌ನ ಮೇಲಿನ ಪ್ರೀತಿ ಕಡಿಮೆಯಾಗಲಿಲ್ಲ. ಇದನ್ನೇ ಬರೆದು ಕಳುಹಿಸಿದ್ದೇನೆ. ಕ್ಯಾಸೆಟ್ ಪ್ರತಿಯನ್ನು ಆ ಹೆಸರಿನಲ್ಲೇ ಪ್ರತ್ಯೇಕವಾಗಿ ಇಡಿ, ಮುಂದೆ ಧಾರವಾಡದಲ್ಲಿ ನಡೆಯುವ ಕಛೇರಿಯ ವೇದಿಕೆಗೆ ಮಾತ್ರ ಅದು ಬರಬಾರದು ಎಂದೂ ಸೇರಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.