ನಮ್ಮದೇ ಫಾರಂ ಬಾಗಿಲಿಗೆ ಅಡ್ಡ ನಿಂತಿತ್ತು

ಬಾಡಿಗೆ ಮನೆಗಳನ್ನು ನೋಡಿಕೊಳ್ಳುವ ಕಂಪನಿಯಲ್ಲಿ ನನ್ನ ಕೆಲಸ. ಮನೆ ಖಾಲಿಯಾದರೆ ಬಣ್ಣ ಹೊಡೆಸಬೇಕು, ಸೋರುವ ನಲ್ಲಿ ಸರಿ ಮಾಡಿಸಬೇಕು, ಹೊಸಬರ ಕಾಗದಪತ್ರ ನೋಡಿ ಕೀ ಕೊಡಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಮ್ಯಾನೇಜ್‌ಮೆಂಟ್‌ನವರು ಒಂದು ಸೇವಾ ಸಂಸ್ಥೆಗೆ ಕೈಜೋಡಿಸೋಣ ಅಂದರು. ಗಂಡನ ಮನೆಯಲ್ಲಿ ಹೊಡೆತ ತಿಂದು, ಮಕ್ಕಳನ್ನು ಎತ್ತಿಕೊಂಡು ರಾತ್ರೋರಾತ್ರಿ ಹೊರಬಂದ ಹೆಂಗಸರಿಗೆ ಜಾಗ ಕೊಡುವ ಆಶ್ರಯ ಮನೆ ಅದು. ಓಡಾಟದ ಜವಾಬ್ದಾರಿ ನನ್ನ ತಲೆಗೆ ಬಂತು. "ಮನೆ ವಿಷಯ ನಿಮಗೆ ಗೊತ್ತಲ್ವಾ" ಅಂದರು. ಗೊತ್ತು ಅಂತಲೇ ನಾನೂ ಅಂದುಕೊಂಡಿದ್ದೆ.

ಮೊದಲ ವರ್ಷ ಒಂದು ಚೆಕ್ ಕೊಟ್ಟೆವು. ಒಂದು ಶನಿವಾರ ಹದಿನೈದು ಜನ ಹೋಗಿ ಗೋಡೆಗೆ ಬಣ್ಣ ಬಳಿದೆವು. ದಿನಾ ಇದೇ ಕೆಲಸ ಮಾಡುವ ಪೇಂಟರ್‌ಗಳು ನಮ್ಮಲ್ಲೇ ಇದ್ದಾರೆ, ಅವರು ಇಬ್ಬರು ಬಂದಿದ್ದರೆ ಮಧ್ಯಾಹ್ನದೊಳಗೆ ಮುಗಿಯುತ್ತಿತ್ತು. ನಾವು ಸಂಜೆವರೆಗೂ ಬಳಿದು, ನೆಲಕ್ಕೂ ಸಾಕಷ್ಟು ಬಳಿದು, ಗೇಟಿನ ಮುಂದೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡೆವು. ಆ ಫೋಟೊವನ್ನು ಕಂಪನಿಯ ಪೇಜಿಗೆ ಹಾಕಿದ್ದು ನಾನೇ.

ಅರ್ಧ ಗಂಟೆಯಲ್ಲಿ ಆಶ್ರಯ ಮನೆಯ ಮೇಡಂ ಫೋನ್ ಮಾಡಿದರು. ಬೈಯಲಿಲ್ಲ. "ಮೊದಲು ಅದನ್ನು ತೆಗೀರಿ, ಆಮೇಲೆ ಮಾತಾಡೋಣ" ಅಂದರು. ಇಂಥ ಜಾಗದ ವಿಳಾಸವನ್ನೇ ಗುಟ್ಟಾಗಿ ಇಡುತ್ತಾರೆ. ಹೊರಗೆ ಬೋರ್ಡ್ ಕೂಡ ಇರಲಿಲ್ಲ, ಯಾಕೆ ಇಲ್ಲ ಅಂತ ನಾನು ಯೋಚಿಸಿಯೂ ಇರಲಿಲ್ಲ. ಫೋಟೊದಲ್ಲಿ ಗೇಟು, ಪಕ್ಕದ ಕಟ್ಟಡ, ಬೀದಿಯ ತಿರುವು ಎಲ್ಲ ಇತ್ತು. ಹುಡುಕುವ ಗಂಡನಿಗೆ ಅಷ್ಟು ಸಾಕು. ತಕ್ಷಣ ತೆಗೆದೆ. ಆದರೂ ಒಬ್ಬ ತಾಯಿ ಮತ್ತು ಎರಡು ಮಕ್ಕಳನ್ನು ಅದೇ ರಾತ್ರಿ ಬೇರೆ ಕಡೆ ಕಳಿಸಬೇಕಾಯಿತು. ಒಮ್ಮೆ ಓಡಿ ಬಂದವರನ್ನು ಮತ್ತೊಮ್ಮೆ ಓಡಿಸಿದ್ದು ನಮ್ಮ ಒಂದು ಫೋಟೊ. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಮರುದಿನ ಕ್ಷಮೆ ಕೇಳಲು ಹೋದೆ. ಹಾಗೇ ಕೇಳಿದೆ, "ಮೇಡಂ, ನಿಜವಾಗಿ ನಿಮಗೆ ಏನು ಬೇಕು?" ಈ ಪ್ರಶ್ನೆಯನ್ನು ಚೆಕ್ ಬರೆಯುವ ಮೊದಲೇ ಕೇಳಬೇಕಿತ್ತು, ಬಿಡಿ. ದೊಡ್ಡ ಪಟ್ಟಿಯನ್ನೇ ಕೊಡುತ್ತಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದು ಎರಡೇ. ಒಂದು, ಕರೆದ ದಿನವೇ ಬಂದು ಬೀಗ ಬದಲಾಯಿಸುವ ನಂಬಿಕಸ್ಥ ಮನುಷ್ಯ, ಪ್ರತಿ ಸಲವೂ ಅದೇ ಮನುಷ್ಯ, ಯಾಕೆಂದರೆ ಹೊಸ ಗಂಡಸಿನ ದನಿ ಕೇಳಿದರೆ ಅಲ್ಲಿನ ಮಕ್ಕಳು ಮಂಚದ ಕೆಳಗೆ ಸೇರಿಕೊಳ್ಳುತ್ತಾರೆ. ಇನ್ನೊಂದು, "ನಮ್ಮವರಿಗೆ ನಿಮ್ಮ ಮನೆ ಬಾಡಿಗೆಗೆ ಕೊಡಿ."

ಕೊಡದೆ ಏನು ಅಂದೆ. ಅವರು ಸುಮ್ನೆ ಎದ್ದು ಹೋಗಿ ಒಂದು ಫೈಲ್ ತಂದು ಮುಂದಿಟ್ಟರು. ಅದರಲ್ಲಿ ನಮ್ಮ ಕಂಪನಿಯದೇ ಅರ್ಜಿಗಳು, ತಿರಸ್ಕಾರವಾದವು, ಮೂರು. ಒಂದರ ಮೇಲೆ ನನ್ನದೇ ಸಹಿ.

ನಮ್ಮ ಫಾರಂ ನನಗೆ ಬಾಯಿಪಾಠ. ಹಿಂದಿನ ಮನೆ ಮಾಲೀಕರ ಹೆಸರು ಮತ್ತು ನಂಬರ್. ಆರು ತಿಂಗಳ ಸಂಬಳದ ಚೀಟಿ. ಈಗಿನ ವಿಳಾಸ. ಪೂರ್ತಿ ಅಡ್ವಾನ್ಸ್, ಕೀ ಕೊಡುವ ಮೊದಲೇ. ತಪ್ಪೇನಿಲ್ಲ, ಎಲ್ಲರೂ ಕೇಳುವುದೇ. ಆದರೆ ಗಂಡನ ಹೆಸರಿನ ಮನೆಯಲ್ಲೇ ಇದ್ದ ಹೆಂಗಸು ಯಾವ ಮಾಲೀಕರ ಹೆಸರು ಬರೆಯಬೇಕು? ಈಗಿನ ವಿಳಾಸ ಬರೆದರೆ ಗುಟ್ಟು ಹೋಯಿತು, ಬರೆಯದಿದ್ದರೆ ಅರ್ಜಿ ಹೋಯಿತು. ಕೆಲಸ ಸಿಕ್ಕಿ ಎರಡೇ ತಿಂಗಳಾದವಳು ಆರು ತಿಂಗಳ ಚೀಟಿ ಎಲ್ಲಿಂದ ತರಬೇಕು? ಹೀಗೆ ಹೊರಡಲು ಸಿದ್ಧವಿದ್ದವರು ಹೊರಡಲಾಗದೆ ಅಲ್ಲೇ ಉಳಿಯುತ್ತಿದ್ದರು, ಅವರ ಹಾಸಿಗೆ ಖಾಲಿಯಾಗದೆ ಇವತ್ತು ರಾತ್ರಿ ಬಾಗಿಲು ತಟ್ಟಿದವಳಿಗೆ ಜಾಗವಿಲ್ಲ ಅನ್ನಬೇಕಾಗುತ್ತಿತ್ತು, ನಾವು ಮಾತ್ರ ಅದೇ ಮನೆಗೆ ಚೆಕ್ ಕೊಟ್ಟು ಗೋಡೆಗೆ ಬಣ್ಣ ಬಳಿದು ಹೆಮ್ಮೆಯಿಂದ ಮನೆಗೆ ಹೋಗಿದ್ದೆವು.

ಆಫೀಸಿನಲ್ಲಿ ಇದನ್ನು ಹೇಳಿದಾಗ ಮೊದಲು ಎದ್ದವರು ಅಕೌಂಟ್ಸ್ ಮುಖ್ಯಸ್ಥರು. "ಇದು ದಾನವಾ, ವ್ಯಾಪಾರವಾ? ಒಂದು ಹೇಳಿ." ಅವರನ್ನು ಒಪ್ಪಿಸೋಣ ಅಂತ ನಾನು ಸ್ವಲ್ಪ ಓದಿಕೊಂಡೆ. 1865ರಲ್ಲಿ ಲಂಡನ್ನಿನಲ್ಲಿ ಆಕ್ಟೇವಿಯಾ ಹಿಲ್ ಎಂಬಾಕೆ ಬಡವರ ಬಾಡಿಗೆ ಮನೆಗಳನ್ನು ನಡೆಸಲು ಶುರು ಮಾಡಿದಾಗ ದುಡ್ಡು ಹಾಕಿದ್ದು ಲೇಖಕ ಜಾನ್ ರಸ್ಕಿನ್. ಅದು ದಾನವಾಗಿರಲಿಲ್ಲ, ವರ್ಷಕ್ಕೆ ಶೇಕಡಾ 5ರ ಲಾಭ ಬರಬೇಕು ಅಂತಲೇ ಮಾತಾಗಿತ್ತು. ಆಕೆ ಬಾಡಿಗೆ ವಸೂಲಿಗೆ ವಾರ ವಾರ ಮನೆಗೇ ಹೋಗುವ ಪದ್ಧತಿ ಇಟ್ಟಳು, ಹೋದಾಗ ಯಾರ ಮನೆ ಸೋರುತ್ತಿದೆ, ಯಾರಿಗೆ ಕೆಲಸ ಹೋಗಿದೆ ಎಲ್ಲ ತಿಳಿಯುತ್ತಿತ್ತು. ಆಕೆ ಬಾಡಿಗೆ ವಿಷಯದಲ್ಲಿ ಬಹಳ ಕಟ್ಟುನಿಟ್ಟು ಕೂಡ, ಬಾಕಿ ಉಳಿಸಿದರೆ ಬಿಡುತ್ತಿರಲಿಲ್ಲ. ನಮ್ಮ ಅಕೌಂಟ್ಸಿನವರಿಗೆ ಈ ಭಾಗ ಮಾತ್ರ ತುಂಬ ಹಿಡಿಸಿತು.

ಕೊನೆಗೆ ದಾರಿ ತೋರಿಸಿದವರೂ ಅವರೇ. ಆ ವರ್ಷದ ಚೆಕ್ಕಿನ ದುಡ್ಡನ್ನು ಖರ್ಚು ಮಾಡುವುದು ಬೇಡ, ಒಂದು ಕಡೆ ಇಡೋಣ, ಅದೇ ಅಡ್ವಾನ್ಸ್ ಬದಲಿನ ಗ್ಯಾರಂಟಿ ಅಂದರು. ಯಾರಾದರೂ ಬಾಡಿಗೆ ಕಟ್ಟದೆ ಹೋದರೆ ಮಾಲೀಕರಿಗೆ ಅದರಿಂದ ತುಂಬಿಕೊಡುವುದು. ಕಟ್ಟಿದರೆ ದುಡ್ಡು ಅಲ್ಲೇ ಇರುತ್ತದೆ, ಮುಂದಿನವರಿಗೂ ಅದೇ ಗ್ಯಾರಂಟಿ. ಬಣ್ಣಕ್ಕೆ ಹಾಕಿದ್ದರೆ ಒಂದೇ ಸಲಕ್ಕೆ ಮುಗಿಯುತ್ತಿತ್ತು. ಫಾರಂನಲ್ಲಿ ಮಾಲೀಕರ ಹೆಸರಿನ ಜಾಗಕ್ಕೆ ಸಂಸ್ಥೆಯ ಪತ್ರ, ಈಗಿನ ವಿಳಾಸಕ್ಕೆ ಸಂಸ್ಥೆಯ ಅಂಚೆ ಪೆಟ್ಟಿಗೆ ನಂಬರ್ ಸಾಕು ಅಂತ ಬದಲಾಯಿಸಿದೆವು.

ಇನ್ನೊಂದು ಜಗಳ ಉಳಿದಿತ್ತು. ನಮ್ಮ ಬಾಸ್‌ಗೆ ಎಲ್ಲರನ್ನೂ ಒಂದೇ ಹಳೆ ಕಟ್ಟಡದಲ್ಲಿ ಇಡುವ ಆಸೆ, ಮೇಲ್ವಿಚಾರಣೆ ಸುಲಭ ಅಂತ. ಮೇಡಂ ಖಡಾಖಂಡಿತವಾಗಿ ಬೇಡ ಅಂದರು. ಆ ಕಟ್ಟಡಕ್ಕೆ ಒಂದು ಹೆಸರು ಅಂಟಿಕೊಳ್ಳುತ್ತದೆ, ಅಲ್ಲಿರುವವರಿಗೆಲ್ಲ ಅದೇ ಹೆಸರು. ಫಿನ್ಲೆಂಡಿನಲ್ಲಿ ವೈ-ಫೌಂಡೇಶನ್ ಅನ್ನುವ ಸಂಸ್ಥೆ 1985ರಲ್ಲಿ ಶುರುವಾಯಿತು, ಮನೆಯಿಲ್ಲದವರಿಗೆ ಅಂತ ಅದು ಮಾಮೂಲಿ ಕಟ್ಟಡಗಳಲ್ಲಿ ಅಲ್ಲೊಂದು ಇಲ್ಲೊಂದು ಫ್ಲ್ಯಾಟ್ ಕೊಳ್ಳುತ್ತಾ ಬಂದಿದೆ, ಅದನ್ನೇ ಮಾಡಿ ಅಂದರು. ಪಕ್ಕದ ಮನೆಯವರಿಗೆ ಇವರು ಬರೀ ಪಕ್ಕದ ಮನೆಯವರು, ಅಷ್ಟೇ. ಹಾಗೇ ಮಾಡಿದೆವು. ಬೇರೆ ಬೇರೆ ಕಡೆ ನಾಲ್ಕು ಮನೆ.

ಎಲ್ಲ ಸುಸೂತ್ರವಾಗಿ ನಡೆಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಒಬ್ಬರು ಮೂರನೇ ತಿಂಗಳಲ್ಲಿ ಹೇಳದೆ ಕೇಳದೆ ಮನೆ ಬಿಟ್ಟರು. ಕೀ ಬಾಗಿಲಲ್ಲೇ ಇತ್ತು. ಯಾಕೆ ಅಂತ ಮೇಡಂ ಹೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಬಾಕಿಯನ್ನು ಗ್ಯಾರಂಟಿ ದುಡ್ಡಿನಿಂದ ಕಟ್ಟಿದೆವು. ಅಕೌಂಟ್ಸಿನವರು "ನೋಡಿದಿರಾ?" ಅಂತಾರೆ ಅಂದುಕೊಂಡಿದ್ದೆ, ಅನ್ನಲಿಲ್ಲ. ಆ ಮನೆಗೆ ಮುಂದೆ ಯಾರು ಅಂತ ಕೇಳಿದರು, ಅಷ್ಟೇ.

ಉಳಿದ ಮೂರರಲ್ಲಿ ಒಬ್ಬರು ಹೋದ ವಾರ ಫೋನ್ ಮಾಡಿದ್ದರು. ಬಚ್ಚಲಲ್ಲಿ ನೀರು ನಿಲ್ಲುತ್ತಿದೆ, ಎರಡು ದಿನದಿಂದ ಹೇಳುತ್ತಿದ್ದೇನೆ, ಬಾಡಿಗೆ ಮಾತ್ರ ಸರಿಯಾಗಿ ತಗೋತೀರಲ್ಲ ಅಂತ ಜೋರಾಗಿಯೇ ಬೈದರು. ಪ್ಲಂಬರ್‌ನ ಕಳಿಸಿದೆ.