138ಕ್ಕೆ ಏಳೇ ಡಿಗ್ರಿ ಬಾಕಿ ಇದ್ದಾಗ ಆಗುಂಬೆ ಘಾಟಿಲಿ ನಿಂತಿದ್ದು

ಮೇ ತಿಂಗಳ ಮೊದಲ ಭಾನುವಾರ ಉಡುಪಿಲಿ ನೆಂಟರ ಮನೆ ಗೃಹಪ್ರವೇಶದ ಊಟ ಮುಗಿಸಿ ಶಿವಮೊಗ್ಗಕ್ಕೆ ವಾಪಸ್ ಹೊರಟಾಗ ನಾಲ್ಕೂಕಾಲು. ನಾನು, ಹೆಂಡ್ತಿ, ಹಿಂದಿನ ಸೀಟಲ್ಲಿ ಅಪ್ಪ, ಡಿಕ್ಕಿ ತುಂಬಾ ಹಲಸಿನಹಣ್ಣು. ಗಾಡಿ ಎರಡು ಲೀಟರ್ ಟರ್ಬೊ ಪೆಟ್ರೋಲು, ಆರು ಗೇರಿನ ಡ್ಯುಯಲ್ ಕ್ಲಚ್, ಅಂದ್ರೆ ಕ್ಲಚ್ ಪೆಡಲ್ ಇಲ್ಲದ, ಎರಡು ಕ್ಲಚ್ಚನ್ನ ಕಂಪ್ಯೂಟರೇ ಹಿಡಿದು ಬಿಡೋ ಆಟೋಮ್ಯಾಟಿಕ್ಕು, ಕ್ಲಚ್ ಎಣ್ಣೆಲಿ ಮುಳುಗಿರೋ ವೆಟ್ ಟೈಪು. ಸೆಕೆಂಡ್ ಹ್ಯಾಂಡ್ ತಗೊಂಡು ಆಗ ಎಂಟು ತಿಂಗಳಾಗಿತ್ತು, ಓಡಿದ್ದು 71 ಸಾವಿರ ಕಿ.ಮೀ.

ಅದರ ಹಿಂದಿನ ವಾರ ಒಂದು ಓಬಿಡಿ ಡಾಂಗಲ್ ತರಿಸಿದ್ದೆ, ಸ್ಟೇರಿಂಗ್ ಕೆಳಗಿನ ಪೋರ್ಟಿಗೆ ಚುಚ್ಚಿದ್ರೆ ಬ್ಲೂಟೂತಲ್ಲಿ ಫೋನಿಗೆ ಎಲ್ಲಾ ರೀಡಿಂಗ್ ಬರುತ್ತೆ. ಕೂಲಂಟ್, ಅಂದ್ರೆ ಎಂಜಿನ್ ತಣ್ಣಗಿಡೋ ನೀರಿನ ಟೆಂಪರೇಚರ್ ಎಲ್ಲಾ ಗಾಡಿಲೂ ತಾನೇ ತೋರಿಸುತ್ತೆ, ಆದ್ರೆ ಗೇರ್‌ಬಾಕ್ಸ್ ಆಯಿಲ್ ಟೆಂಪರೇಚರ್ ಹಂಗೆ ಸಿಗಲ್ಲ, ಅದಕ್ಕೆ ಆ ಗಾಡಿ ಕಂಪನಿಯವರದ್ದೇ ಬೇರೆ ಕೋಡ್ ಇರುತ್ತೆ, ಅದನ್ನ ಹುಡುಕಿ ಆ್ಯಪಲ್ಲಿ ಕೈಯಾರೆ ಟೈಪ್ ಮಾಡ್ಬೇಕು, ನಂಗೆ ಎರಡು ರಾತ್ರಿ ಹಿಡೀತು. ಸಿಕ್ಕ ಮೇಲೆ ಎರಡು ನಂಬರ್ ಬಂತು. ಒಂದು ಗೇರ್‌ಬಾಕ್ಸ್ ಒಳಗೆ ನಿಂತಿರೋ ಎಣ್ಣೆದು, ಇನ್ನೊಂದು ಕ್ಲಚ್ಚಿಂದ ಸಿಡಿದು ಹೊರಗೆ ಬೀಳೋ ಎಣ್ಣೆದು. ಮೊದಲನೇದು ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತೆ. ಎರಡನೇದು ಹಂಗಲ್ಲ, ಹತ್ತು ಸೆಕೆಂಡಲ್ಲಿ ಹದಿನೈದು ಡಿಗ್ರಿ ಹಾರಿಬಿಡುತ್ತೆ. ನಿಜವಾಗಿ ನೋಡ್ಬೇಕಾದ್ದು ಎರಡನೇದನ್ನೇ.

ಹೆಬ್ರಿವರೆಗೆ ಎಲ್ಲಾ ಸರಿ ಇತ್ತು, ಎರಡೂ 90ರ ಆಸುಪಾಸು. ಸೋಮೇಶ್ವರ ದಾಟಿ ಘಾಟಿ ಶುರುವಾಯ್ತು ನೋಡಿ, ನಮ್ಮ ಮುಂದೆ ಒಂದು ಮಿನಿ ಬಸ್ಸು, ಅದರ ಮುಂದೆ ಎರಡು ಟೆಂಪೊ ಟ್ರಾವೆಲರ್, ಎಲ್ಲಾ ಸೂರ್ಯಾಸ್ತ ನೋಡೋಕೆ ಹೊರಟ ಜನ. ಆಗುಂಬೆ ಘಾಟಿಲಿ 14 ಹೇರ್‌ಪಿನ್ ತಿರುವು, ದೊಡ್ಡ ಬಸ್ಸು ತಿರುಗಲ್ಲ ಅಂತಾನೇ ಮಿನಿ ಬಸ್ ಓಡಿಸೋದು, ಆ ಮಿನಿ ಬಸ್ಸಿಗೂ ಒಂದೊಂದು ತಿರುವಲ್ಲಿ ನಿಂತು ಉಸಿರು ತಗೊಂಡು ಹೋಗೋ ಪರಿಸ್ಥಿತಿ. ನಾನು ಅದರ ಬಾಲಕ್ಕೆ ಅಂಟ್ಕೊಂಡೇ ಹೋಗ್ತಿದ್ದೆ, ಆ್ಯಕ್ಸಿಲೇಟರ್ ಮೇಲೆ ಕಾಲು ಸುಮ್ನೆ ತಾಗಿಸಿ, ಗಾಡಿ ಹಿಂದೆ ಜಾರದೇ ಇರೋ ಹಾಗೆ, ಅಂದ್ರೆ ಕ್ಲಚ್ ಅರ್ಧ ಹಿಡಿದು ಉಜ್ತಾನೇ ಇತ್ತು, ಮುಂದೆ ಒಂದು ಮಾರು ಜಾಗ ಬಿಟ್ಟರೆ ಹಿಂದಿನವ್ರು ಹಾರ್ನ್ ಹೊಡೀತಾರಲ್ಲ ಅಂತ.

ಫೋನ್ ಹೆಂಡ್ತಿ ಕೈಲಿತ್ತು. ಆ ಎರಡನೇ ನಂಬರನ್ನ ಜೋರಾಗಿ ಓದ್ತಿದ್ಲು. 104. 112. ಮೂರನೇ ತಿರುವು ದಾಟಿದಾಗ 119. ಆಮೇಲೆ ಅವಳ ದನಿ ಬದಲಾಯ್ತು, 126, 131 ಅಂದ್ಲು. ಡ್ಯಾಶ್‌ಬೋರ್ಡ್ ನೋಡಿದ್ರೆ ಎಂಜಿನ್ ಟೆಂಪರೇಚರ್ ಮುಳ್ಳು 90ರಲ್ಲೇ ಕಲ್ಲಿನ ಹಾಗೆ ಕೂತಿದೆ. ಆ ಮುಳ್ಳನ್ನ ಹಂಗೇ ಮಾಡಿರ್ತಾರೆ, ನೀರು ಸ್ವಲ್ಪ ತಣ್ಣಗಿದ್ರೂ ಸ್ವಲ್ಪ ಬಿಸಿ ಇದ್ರೂ ಅದು ನಡುವಲ್ಲೇ ನಿಲ್ಲುತ್ತೆ. ಗೇರ್‌ಬಾಕ್ಸ್ ಬಗ್ಗೆಯಂತೂ ಅದು ಒಂದು ಮಾತೂ ಹೇಳಲ್ಲ.

ನಮ್ಮ ಗೇರ್‌ಬಾಕ್ಸಲ್ಲಿ ಕ್ಲಚ್ ಎಣ್ಣೆ 138 ದಾಟಿದ್ರೆ ಕಂಪ್ಯೂಟರು ಎಂಜಿನ್ ಟಾರ್ಕ್ ಇಳಿಸುತ್ತೆ, 145ರ ಹತ್ತಿರ ಹೋದ್ರೆ ಕ್ಲಚ್ಚನ್ನೇ ಬಿಟ್ಟುಬಿಡುತ್ತೆ. ಅಂದ್ರೆ ಏರಲ್ಲಿ, ತಿರುವಲ್ಲಿ, ಹಿಂದೆ ಸಾಲು ಗಾಡಿ ಇರೋವಾಗ ಚಕ್ರಕ್ಕೆ ಎಳೆತಾನೇ ಇಲ್ಲ. ಹೊಟ್ಟೆಲಿ ಒಂಥರಾ ಆಯ್ತು. ಅಪ್ಪ ಇಪ್ಪತ್ತು ವರ್ಷ ಅಡಿಕೆ ಮಂಡಿ ಲಾರಿ ಓಡಿಸಿದವ್ರು, ಹಿಂದಿಂದ ಅಂದ್ರು, "ಅವ್ನ ಬಾಲ ಬಿಡು ಮಾರಾಯ. ಪೂರ್ತಿ ನಿಂತ್ಕೊ. ಅವ್ನು ತಿರುವು ಹತ್ತಿ ಕಾಣದೇ ಹೋಗ್ಲಿ, ಆಮೇಲೆ ಒಂದೇ ಎಳೆತಕ್ಕೆ ಹೋಗು."

ಬ್ರೇಕ್ ಗಟ್ಟಿ ಒತ್ತಿ ನಿಲ್ಲಿಸ್ದೆ. ಬ್ರೇಕ್ ಒತ್ತಿ ಪೂರ್ತಿ ನಿಂತಾಗ ಕ್ಲಚ್ ಬಿಡುತ್ತೆ, ಉಜ್ಜೋದು ನಿಲ್ಲುತ್ತೆ, ಎಂಜಿನ್ ಓಡ್ತಾ ಇರೋದ್ರಿಂದ ಪಂಪ್ ಎಣ್ಣೆ ತಿರುಗಿಸ್ತಾ ಇರುತ್ತೆ. ಅರ್ಧ ನಿಮಿಷದಲ್ಲಿ 131 ಇದ್ದಿದ್ದು 117. ಹಿಂದೆ ಹಾರ್ನ್ ಬಂತು, ಬರ್ಲಿ ಅಂತ ಇಂಡಿಕೇಟರ್ ಹಾಕಿ ಕೂತೆ. ಬಸ್ಸು ಮೇಲಿನ ತಿರುವು ದಾಟಿದ್ದು ಕಂಡ ಮೇಲೆ ಮ್ಯಾನುಯಲ್ ಮೋಡಲ್ಲಿ ಒಂದನೇ ಗೇರ್ ಹಾಕಿ, ಆ್ಯಕ್ಸಿಲೇಟರ್ ಕೊಂಚ ಧೈರ್ಯವಾಗೇ ಕೊಟ್ಟೆ, ಕ್ಲಚ್ ಬೇಗ ಪೂರ್ತಿ ಹಿಡ್ಕೊಂಡ್ತು. ತಿರುವು ಮುಗಿದ ಮೇಲೆ ನೋಡಿದ್ರೆ 120. ಮತ್ತೆ ನಿಂತೆ, ಮತ್ತೆ ಹೋದೆ. ಸನ್‌ಸೆಟ್ ಪಾಯಿಂಟ್ ಕೆಳಗೆ ಗಾಡಿಗಳು ರಸ್ತೆ ಮೇಲೇ ಪಾರ್ಕ್ ಆಗಿದ್ವು, ಅಲ್ಲಿ ಹತ್ತು ನಿಮಿಷ ತೆವಳಿದ್ರೂ 124 ದಾಟಲಿಲ್ಲ.

ಮನೇಲಿ ಕೂತು ಲೆಕ್ಕ ಹಾಕಿದೆ. ಅರ್ಧ ಹಿಡಿದ ಕ್ಲಚ್ಚಲ್ಲಿ ಎಂಜಿನ್ ಕಡೆ ಸ್ಪೀಡಿಗೂ ಚಕ್ರದ ಕಡೆ ಸ್ಪೀಡಿಗೂ ಸಾವಿರ ಆರ್‌ಪಿಎಂ ವ್ಯತ್ಯಾಸ, 60 ನ್ಯೂಟನ್ ಮೀಟರ್ ಟಾರ್ಕ್ ಅಂತ ಇಟ್ಕೊಂಡ್ರೆ ಆರು ಕಿಲೋವ್ಯಾಟ್ ಮೇಲೆ ಶಾಖ ಆಗುತ್ತೆ. ಮನೆ ಗೀಸರು ಎರಡು ಕಿಲೋವ್ಯಾಟ್ ಅಂತ ತಿಳ್ಕೊಳಿ, ಮೂರು ಗೀಸರನ್ನ ಏಳು ಲೀಟರ್ ಎಣ್ಣೆಗೆ ಇಳಿಬಿಟ್ಟ ಹಾಗೆ. ಆಗುಂಬೆ ಚೆಕ್‌ಪೋಸ್ಟ್ ದಾಟಿ ನ್ಯೂಟ್ರಲ್ಲಲ್ಲಿ ಎಂಜಿನ್ ಆಫ್ ಮಾಡದೇ ಸ್ವಲ್ಪ ಹೊತ್ತು ನಿಂತು, ಆಮೇಲೆ ತೀರ್ಥಹಳ್ಳಿ, ಮಂಡಗದ್ದೆ, ಗಾಜನೂರು ಅಂತ ತುಂಗೆ ಪಕ್ಕದಲ್ಲಿ 70-80ರಲ್ಲಿ ಬಂದ್ವಲ್ಲ, ಅಷ್ಟೂ ದಾರಿ ಎರಡೂ ನಂಬರ್ 92ರ ಮೇಲೆ ಹೋಗಲಿಲ್ಲ. ಜೋರಾಗಿ ಓಡ್ಸಿದ್ರೆ ಗೇರ್‌ಬಾಕ್ಸ್ ಹಾಳಾಗುತ್ತೆ ಅಂತ ಎಷ್ಟು ಜನ ಹೇಳಿದ್ರು ನಂಗೆ, ಈ ಗಾಡಿ ಸುಡೋದು ತೆವಳುವಾಗ.

ಆದ್ರೂ 131 ಜಾಸ್ತಿ ಅನ್ನಿಸ್ತು. ಸಾಗರ ರಸ್ತೆ ಕಡೆ ಪರಿಚಯದ ಮೆಕ್ಯಾನಿಕ್ ಹತ್ರ ಹೋದೆ. ಈ ಎಣ್ಣೆ 60 ಸಾವಿರಕ್ಕೆ ಬದಲಾಯಿಸ್ಬೇಕು, ಹಳೇ ಓನರ್ ಫೈಲಲ್ಲಿ 52 ಸಾವಿರಕ್ಕೇ ಹಾಕಿಸಿದ ಬಿಲ್ ಇತ್ತು, ಹಂಗಾಗಿ ನಾನು ನಿಶ್ಚಿಂತೆ ಇದ್ದೆ. ಡ್ರೈನ್ ಮಾಡಿದ್ರೆ ಕಪ್ಪು ಬಣ್ಣ, ಸುಟ್ಟ ವಾಸನೆ, ಅಳತೇಲಿ ಕಾಲು ಲೀಟರಿಗಿಂತ ಸ್ವಲ್ಪ ಜಾಸ್ತಿನೇ ಕಮ್ಮಿ. ಅವ್ರು ವಿವರಿಸಿದ್ದು ಹೀಗೆ: ಎಣ್ಣೆ ಹಾಕಿದ ಮೇಲೆ ಎಂಜಿನ್ ಐಡಲಲ್ಲಿ ಇಟ್ಟು, ಎಣ್ಣೆ 35ರಿಂದ 45 ಡಿಗ್ರಿ ಒಳಗಿರೋವಾಗ ಕೆಳಗಿನ ಬೋಲ್ಟ್ ಬಿಚ್ಚಿ, ಹೆಚ್ಚಾಗಿದ್ದು ಒಳಗಿನ ಕೊಳವೆಯಿಂದ ತೊಟ್ಟಿಕ್ಕಿ ನಿಲ್ಲೋವರೆಗೆ ಕಾಯ್ಬೇಕು. ಬಿಸಿ ಎಣ್ಣೆ ಹಿಗ್ಗಿರುತ್ತೆ, 80 ಡಿಗ್ರಿಲಿ ಬಿಚ್ಚಿದ್ರೆ ಬೇಕಾದ ಎಣ್ಣೆನೂ ಚೆಲ್ಲಿ ಹೋಗುತ್ತೆ. ಹಿಂದೆ ಮಾಡಿದವ್ರು ಕಾದಿಲ್ಲ, ಅಷ್ಟೇ. ಇದು ನಂಗೆ ನಿಜಕ್ಕೂ ಸಿಟ್ಟು ಬಂದ ವಿಷಯ, ಗಾಡಿ ತಣ್ಣಗಾಗೋಕೆ ಒಂದು ರಾತ್ರಿ ಬಿಡೋದು ಯಾರಿಗೂ ಭಾರ ಅಲ್ಲ. ನಮ್ಮದನ್ನ ರಾತ್ರಿ ಅಲ್ಲೇ ಬಿಟ್ಟು ಬೆಳಿಗ್ಗೆ ಆರೂವರೆಗೆ ಶುರು ಮಾಡಿದ್ರು, ಮಧ್ಯಾಹ್ನದ ಬಿಸಿಲಲ್ಲಿ ಆ 45 ಡಿಗ್ರಿ ಎರಡೇ ನಿಮಿಷಕ್ಕೆ ದಾಟಿಬಿಡುತ್ತೆ ಅಂತ. ಫಿಲ್ಟರ್ ಹೊಸದು. ರೇಡಿಯೇಟರ್‌ಗೂ ಎಸಿ ಕಂಡೆನ್ಸರ್‌ಗೂ ನಡುವೆ ಹುಳ, ಒಣಗಿದ ಎಲೆ, ಕೆಮ್ಮಣ್ಣು ಹೆಪ್ಪುಗಟ್ಟಿತ್ತು, ಅದನ್ನೂ ತೊಳೆದ್ರು. ಗೇರ್‌ಬಾಕ್ಸ್ ಎಣ್ಣೆ ತಣ್ಣಗಾಗೋದು ಎಂಜಿನ್ ನೀರಿಂದಲೇ ಆದ್ರಿಂದ ಅದೂ ಲೆಕ್ಕಕ್ಕೆ ಬರುತ್ತೆ.

ಟಾರ್ಕ್ ಕನ್ವರ್ಟರ್ ಇರೋ, ಅಂದ್ರೆ ಕ್ಲಚ್ ಬದಲು ಎಣ್ಣೆ ಮೂಲಕ ಎಂಜಿನ್ ಎಳೆತ ದಾಟಿಸೋ ಆಟೋಮ್ಯಾಟಿಕ್ ಗಾಡಿಯವ್ರಿಗೂ ಇದೇ ಮಾತು, ಕನ್ವರ್ಟರ್ ಲಾಕ್ ಆಗೋ ತನಕ ಎಣ್ಣೆ ಕಡೆದೇ ಬಿಸಿ ಆಗೋದು, ಘಾಟಿಲಿ ಕೆಳಗಿನ ಗೇರೇ ಒಳ್ಳೇದು.

ಎರಡು ವಾರ ಬಿಟ್ಟು ಬೇಕಂತಲೇ ಭಾನುವಾರ ಸಂಜೆ ಅದೇ ಹೊತ್ತಿಗೆ ಅದೇ ಘಾಟಿ ಹತ್ತಿದ್ವಿ, ಬೆಳಿಗ್ಗೆ ಖಾಲಿ ರಸ್ತೆಲಿ ಹತ್ತಿದ್ರೆ ಏನೂ ಗೊತ್ತಾಗಲ್ಲವಲ್ಲ. ಮೊದಲ ಎರಡು ತಿರುವು ಒಂದು ಟೆಂಪೊ ಟ್ರಾವೆಲರ್ ಬಾಲ ಹಿಡಿದೇ ಹೋದೆ, ಹೊಸ ಎಣ್ಣೆ ಇದ್ರೂ 126 ಬಂತು. ಆಮೇಲೆ ಅಪ್ಪ ಹೇಳಿದ ಹಾಗೆ ಬಿಟ್ಟು ಬಿಟ್ಟು ಹತ್ತಿದೆ, ಮೇಲಿನವರೆಗೂ 115 ದಾಟಲಿಲ್ಲ. ಹೆಂಡ್ತಿ ಪ್ರತಿ ತಿರುವಿನ ನಂಬರನ್ನೂ ಪೆಟ್ರೋಲ್ ಬಿಲ್ ಹಿಂದೆ ಬರೆದಿಟ್ಟಿದ್ದಾಳೆ. ಹುಲಿಕಲ್ ಘಾಟಿದು ಇನ್ನೂ ಬಾಕಿ, ಅಲ್ಲಿ ಮುಂದೆ ಇರೋದು ಮಿನಿ ಬಸ್ಸಲ್ಲ, ಲೋಡ್ ಲಾರಿ.